ಮೂಲೆಯ ತೂಕ

“ತಕ್ಕಡೀನ ಎಷ್ಟು ತುಂಡು ಮಾಡಿದೆ?”

“ಏಳು” ಎಂದ ಅಪ್ಪ. ಹೋದ ವಾರ ಐದು ಎಂದಿದ್ದ. ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಿದ್ದ ಮಗಳು ಎರಡು ತುಂಡು ಹೆಚ್ಚಾದದ್ದನ್ನು ಮನಸ್ಸಿನಲ್ಲೇ ತೂಗಿ, ಒಪ್ಪಿಕೊಂಡು, “ಹೂಂ” ಎಂದಳು.

“ಆಮೇಲೆ ಮೂರು ಗದ್ದದವನು ಅತ್ತನಾ?”

“ಅಳದೆ ಏನು. ಕಣ್ಣೀರು ಮೊದಲನೇ ಗದ್ದದಿಂದ ಎರಡನೇದಕ್ಕೆ, ಎರಡನೇದರಿಂದ ಮೂರನೇದಕ್ಕೆ, ಮೆಟ್ಟಿಲು ಇಳಿದ ಹಾಗೆ ಇಳೀತು. ಕೆಳಗೆ ನಾನು ಬಕೆಟ್ ಹಿಡ್ಕೊಂಡು ನಿಂತಿದ್ದೆ.”

“ಹೂಂ. ತುಂಬಿತಾ?”

“ಎರಡು ಸಲ.”

ಅವಳು ಸರಳಿಗೆ ಹಣೆ ತಾಗಿಸಿ ನಕ್ಕಳು. ಅವನಿಗೆ ಒಂದು ಗಳಿಗೆ ಹಿತವಾಯಿತು. ಮರುಗಳಿಗೆ ಸಿಟ್ಟು ಬಂತು. ಬಸ್ಸು ಹೋಗುತ್ತಿದ್ದುದು ಆ ಮೂರು ಗದ್ದದವನ ಗುಜರಿ ಡಿಪೋಗೇ.

ಶಾಲೆಯಲ್ಲಿ ನೀರಿನ ಕೊಳವೆ ಒಡೆದು ರಜೆ ಕೊಟ್ಟಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಚಪ್ಪಲಿ ಮೆಟ್ಟುತ್ತಾ, “ಇವತ್ತೊಂದು ದಿನ ನೀವೇ ಕರ್ಕೊಂಡು ಹೋಗಿ. ನೀವು ಮುರಿದು ಹಾಕಿರೋ ತಕ್ಕಡಿಗಳ ರಾಶಿ ನೋಡ್ಕೊಂಡು ಬರ್ಲಿ” ಎಂದಿದ್ದಳು. ನಗುತ್ತಲೇ ಎಂದಿದ್ದಳು. ಆ ನಗು ಶರ್ಟಿನೊಳಗೆ ಸಿಕ್ಕಿಕೊಂಡ ಕೂದಲೆಳೆಯಂತೆ ಬೆಳಗ್ಗೆಯಿಂದ ಚುಚ್ಚುತ್ತಿತ್ತು.

ಅವನು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು. ತಕ್ಕಡಿಗಳನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು, ಇಲ್ಲದಿದ್ದರೆ ಮುಟ್ಟುಗೋಲು ಹಾಕುವುದು ಅವನ ಕೆಲಸ. ಭೌತಶಾಸ್ತ್ರದಲ್ಲಿ ಮೊದಲ ದರ್ಜೆ. ಹದಿನಾಲ್ಕು ವರ್ಷದಲ್ಲಿ ಮುಟ್ಟುಗೋಲು ಹಾಕಿದ್ದು ಒಂದೇ ಒಂದು ತಕ್ಕಡಿ. ಅದೂ ಅದರ ಮಾಲೀಕ ಸತ್ತು ಅಂಗಡಿ ಮುಚ್ಚಿದ ಮೇಲೆ.

ಮಗಳಿಗೆ ನಾಲ್ಕು ವರ್ಷವಿದ್ದಾಗ ಒಮ್ಮೆ ಕೇಳಿದ್ದಳು, “ಅಪ್ಪ, ನೀನು ಇಡೀ ದಿನ ಏನ್ಮಾಡ್ತೀಯ?” ಅವನು ಬಾಯಿ ತೆರೆದ. ಹೇಳಲು ಏನೂ ಇರಲಿಲ್ಲ. ತೆರೆದ ಬಾಯನ್ನು ಮುಚ್ಚುವುದು ಹೇಗೆಂದು ತಿಳಿಯದೆ ಒಬ್ಬ ದೈತ್ಯನನ್ನು ಹೊರಗೆ ಬಿಟ್ಟ. ಅಂದಿನಿಂದ ನಾಲ್ಕು ವರ್ಷ ಸಂಜೆ ಸಂಜೆಗೂ ಅವನು ಆನೆಯ ನೆರಳನ್ನು ತೂಗಿದ, ಗಾಳಿಗೆ ಕಲ್ಲು ಕಟ್ಟಿ ಮಾರುತ್ತಿದ್ದವನನ್ನು ಹಿಡಿದ, ಮೂರು ಗದ್ದದವನ ತಕ್ಕಡಿಯನ್ನು ಒಂದೇ ಏಟಿಗೆ ಮುರಿದ. ಮಗಳನ್ನು ಗುಲಗಂಜಿ ಎಂದು ಕರೆದ. ಚಿನ್ನವನ್ನೇ ತೂಗುವ ಬೀಜ ಅದು ಎಂದು ಹೇಳಿಕೊಟ್ಟ. ಅವಳು ಹೂಂಗುಟ್ಟಿದಳು. ಅವಳ ಹೂಂಗಳಲ್ಲಿ ಭಯದ್ದು ಬೇರೆ, ಅನುಮಾನದ್ದು ಬೇರೆ, ಇನ್ನೂ ಬೇಕು ಎನ್ನುವುದು ಬೇರೆ. ಕಣ್ಣು ಮುಚ್ಚಿಕೊಂಡೇ ಅವನು ಅವನ್ನು ಗುರುತಿಸಬಲ್ಲವನಾಗಿದ್ದ.

ಅಷ್ಟು ಸುಳ್ಳಿನಲ್ಲಿ ಒಂದೇ ಒಂದು ನಿಜವನ್ನು, ಉಪ್ಪಿನ ಹರಳಿನಂತೆ, ಅವನು ಹಾಕಿದ್ದ. ಅದಕ್ಕೊಂದು ಪದವನ್ನೂ ಕಟ್ಟಿದ್ದ:

ನಡುವೆ ನಿಂತರೆ ಸಾಧು, ಮೂಲೆಗೆ ಹೋದರೆ ಕಳ್ಳ;
ನಾಲ್ಕು ಮೂಲೆ ಮೆಟ್ಟಿ ನೋಡು, ಸಿಕ್ಕಿಬಿದ್ದ ಸುಳ್ಳ.

ತೂಕದ ದೊಡ್ಡ ಯಂತ್ರಗಳ ಮೋಸ ಇರುವುದೇ ಹಾಗೆ. ಕಬ್ಬಿಣದ ಹಲಗೆಯ ನಡುವೆ ಭಾರ ಇಟ್ಟರೆ ಧರ್ಮರಾಯನಂತೆ ತೋರಿಸುತ್ತದೆ. ಮೂಲೆಗೆ ಸರಿಸಿದರೆ ತೂಕ ನುಂಗುತ್ತದೆ. ನಾಲ್ಕೂ ಮೂಲೆಯಲ್ಲಿ ಪರೀಕ್ಷಿಸಬೇಕೆಂಬುದು ನಿಯಮ. ನಡುವಿನಲ್ಲಿ ಮಾತ್ರ ನೋಡುವುದು ರೂಢಿ. ನಿಯಮ ಹಿಡಿದು ಹೊರಟಿದ್ದ ಸಹೋದ್ಯೋಗಿಯೊಬ್ಬ ಈಗ ದಾಖಲೆ ಕೋಣೆಯಲ್ಲಿ ಗೆದ್ದಲಿಗೆ ಕಾವಲು ಕೂತಿದ್ದಾನೆ.

ಬಸ್ಸು ಇಳಿಯುವಾಗ ಮೇಲಧಿಕಾರಿಯ ಫೋನು ಬಂತು.

“ಗುಜರಿ ಡಿಪೋದ್ದು ಇವತ್ತೇ ಮುಗಿಸಿಬಿಡಿ.”

“ಸರ್.”

“ಹೋದ ವರ್ಷದ ಹಾಗೇ.”

“ಸರ್.”

“ಯಾರಪ್ಪ ಅದು?” ಮಗಳು ಕೇಳಿದಳು.

“ನನ್ನ ಕೈಕೆಳಗೆ ಕೆಲಸ ಮಾಡೋನು” ಎಂದ.

ಡಿಪೋದ ಬಾಗಿಲಲ್ಲಿ ಐದಾರು ಹೆಂಗಸರು ಮೂಟೆ ಇಳಿಸಿಕೊಂಡು ಸಾಲಾಗಿ ಕೂತಿದ್ದರು. ಬೀದಿಗಳಲ್ಲಿ ಆಯ್ದ ರಟ್ಟು, ತಗಡು, ಮುರಿದ ಪಂಪಿನ ಕಬ್ಬಿಣ. ಒಳಗೆ ಹಳೆಯ ಕಾಗದದ ಒದ್ದೆ ವಾಸನೆ. ಮಾಲೀಕ ಶಾಲು ಸುತ್ತಿಕೊಂಡು ಮೂಗು ಒರೆಸುತ್ತಾ ಎದ್ದು ಬಂದ. ಸಣಕಲು ಮನುಷ್ಯ, ದನಿಯೂ ಸಣ್ಣದು.

ಮಗಳು ಅವನ ಮುಖವನ್ನೇ ದಿಟ್ಟಿಸಿ, ಅಪ್ಪನ ಅಂಗಿ ಜಗ್ಗಿದಳು. “ಗದ್ದ ಒಂದೇ ಇದೆಯಲ್ಲಪ್ಪ.”

“ಶ್.”

“ಇನ್ನೆರಡು?”

“ಕರಗಿತು.”

“ಯಾಕೆ?”

“ನನ್ನ ಭಯಕ್ಕೆ.”

“ಬನ್ನಿ ಸ್ವಾಮಿ” ಎಂದ ಮಾಲೀಕ. “ಮಗಳಾ? ಅಪ್ಪನ ಕೆಲಸ ಕಲಿಯೋಕೆ ಬಂದಿದೀಯಾಮ್ಮ? ಕಲಿ, ಕಲಿ. ನಿಮ್ಮಪ್ಪ ಬಹಳ ಒಳ್ಳೆಯವರು.”

ಒಳ್ಳೆಯವರು ಎಂಬ ಮಾತು ಕೆನ್ನೆಗೆ ತಾಗಿದಂತಾಯಿತು. ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವನು ಚೀಲ ಬಿಚ್ಚಿದ: ತಂತಿ, ಸೀಸದ ಗುಂಡು, ಮುದ್ರೆ ಒತ್ತುವ ಇಕ್ಕಳ. ಹಲಗೆಯ ನಡುವಿನ ಹಸಿರು ಬಣ್ಣ ನಿನ್ನೆ ಬಳಿದಷ್ಟು ಹೊಸದಾಗಿತ್ತು. ಗೋಡೆ ಕಡೆಯ ಎಡಮೂಲೆಯಲ್ಲಿ ಮಾತ್ರ ಬಣ್ಣವೆಲ್ಲ ಸವೆದು ಕಬ್ಬಿಣ ಮಿರಿಮಿರಿ ಹೊಳೆಯುತ್ತಿತ್ತು. ಮೂಟೆಗಳೆಲ್ಲ ಬೀಳುತ್ತಿದ್ದುದು ಅಲ್ಲೇ. ಆರು ವರ್ಷದಿಂದ ಅವನು ಆ ಹೊಳಪನ್ನು ನೋಡದಿರಲು ಕಲಿತಿದ್ದ. ಅದೂ ಒಂದು ವಿದ್ಯೆ. ಕಣ್ಣು ತೆರೆದುಕೊಂಡೇ ಮಾಡಬೇಕಾದದ್ದು.

ಡಿಪೋದ ಆಳು ಬಂದು ಪರೀಕ್ಷೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಹಲಗೆಯ ನಟ್ಟನಡುವೆ ಇಟ್ಟ. ಇಪ್ಪತ್ತು ಕಿಲೋ. ನಲವತ್ತು. ಅರವತ್ತು. ಕೆಂಪು ಅಂಕಿಗಳು ಒಂದು ಕೂದಲೂ ತಪ್ಪದೆ ಹೊಳೆದವು. ಅವನು ಬರೆದುಕೊಂಡ. ಆಳು ಬಟ್ಟುಗಳನ್ನು ಇಳಿಸಿದ.

“ಮೂಲೆ?” ಎಂದಳು ಮಗಳು.

ಅವನು ತಂತಿ ಪೋಣಿಸತೊಡಗಿದ.

ಅವಳು ಹಲಗೆ ಹತ್ತಿದಳು. ನಡುವೆ ನಿಂತಳು. ಇಪ್ಪತ್ತೆರಡು. ತುಟಿಯಲ್ಲೇ ಪದ ಗುನುಗುತ್ತಾ ಬಾಗಿಲ ಕಡೆಯ ಮೂಲೆಗೆ ಕುಪ್ಪಳಿಸಿದಳು. ಇಪ್ಪತ್ತೆರಡು. ಇನ್ನೊಂದಕ್ಕೆ. ಇಪ್ಪತ್ತೆರಡು. ಆಮೇಲೆ ಗೋಡೆ ಕಡೆಯ ಎಡಮೂಲೆಗೆ ಹೋಗಿ, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಶಾಲೆಯ ಪ್ರಾರ್ಥನೆಯಲ್ಲಿ ನಿಲ್ಲುವ ಹಾಗೆ ನಿಂತಳು. ಅಂಕಿ ತೊದಲಿತು. ನಿಂತಿತು.

“ಅಪ್ಪ, ಇಲ್ಲಿ ನಾನು ಇಪ್ಪತ್ತೇ.”

ಅವಳ ಮುಖ ಬೆಳಗಿತ್ತು. ನಾಲ್ಕು ವರ್ಷ ಕೇಳಿದ ಕಥೆ ಕೊನೆಗೂ ತನ್ನ ಕಾಲಡಿಗೆ ಬಂದಿತ್ತು. ಇನ್ನೇನು, ಅಪ್ಪ ಏಳಬೇಕು, ಏಟು ಬೀಳಬೇಕು, ಏಳು ತುಂಡು.

ಬಾಗಿಲಲ್ಲಿ ಕೂತಿದ್ದ ಮುದುಕಿ ಎದ್ದು ನಿಂತಳು. “ನಾನು ಹೇಳ್ತಾನೇ ಇದ್ದೆ. ಹೊರುವಾಗ ಭಾರ, ಇಲ್ಲಿಗೆ ಬಂದ್ರೆ ಹಗುರ. ದಾರೀಲಿ ಸೋರಿರುತ್ತೆ ಅಂತಾರೆ ಇವ್ರು. ಯಾಕ್ರಪ್ಪ, ಕಬ್ಬಿಣ ಸೋರುತ್ತಾ?”

ಹೆಂಗಸರು ನಕ್ಕರು. ನಗು ಮುಗಿದ ಮೇಲೆ ಯಾರೂ ಕೂರಲಿಲ್ಲ.

“ಮಗು ಅಲ್ವಾ” ಮಾಲೀಕ ಮೆಲ್ಲಗೆ ಹೇಳಿದ. ಮೂಗು ಒರೆಸಿಕೊಂಡ. “ಒಂದು ಕಾಲು ಎತ್ತಿರಬೇಕು. ಅಲ್ವಾ ಸ್ವಾಮಿ?”

ಎಲ್ಲರೂ ಅವನನ್ನು ನೋಡಿದರು. ಅವನ ಎದೆಯಲ್ಲಿ ಕುದಿಯುತ್ತಿದ್ದ ಸಿಟ್ಟಿಗೆ ಹೋಗಲು ಹತ್ತು ದಾರಿಗಳಿದ್ದವು: ಈ ಶಾಲಿನವನು, ಆ ಫೋನಿನವನು, ಬಾಯಿಗೆ ಬಂದದ್ದನ್ನೆಲ್ಲ ಮಗುವಿಗೆ ಕಲಿಸಿದ ತಾನು. ನೀರಿನಂತೆ ಅದು ತಗ್ಗು ಹುಡುಕಿಕೊಂಡು ಹರಿಯಿತು.

“ನೀನು ಕಾಲು ಎತ್ತಿದೆ” ಎಂದ ಮಗಳಿಗೆ.

“ಇಲ್ಲಪ್ಪ.”

“ಎತ್ತಿದೆ. ನಾನು ನೋಡಿದೆ.”

ಅವಳು ಬಗ್ಗಿ ತನ್ನ ಎರಡೂ ಪಾದಗಳನ್ನು ನೋಡಿಕೊಂಡಳು. ಹಲಗೆಯ ಮೇಲೆ ಅವು ಪಕ್ಕಪಕ್ಕದಲ್ಲಿ ಊರಿಕೊಂಡಿದ್ದವು. ಅಂಕಿ ಇನ್ನೂ ಇಪ್ಪತ್ತನ್ನೇ ತೋರಿಸುತ್ತಿತ್ತು. ಅವಳು ತಲೆ ಎತ್ತಿ ಅಪ್ಪನ ಮುಖವನ್ನು, ಎಂದೂ ನೋಡದಷ್ಟು ಹೊತ್ತು, ನೋಡಿದಳು. ಅವನು ಒಳಗೊಳಗೇ ಬೇಡಿಕೊಂಡ. ತಾನು ಏನನ್ನು ಬೇಡುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಅಳಲಿ, ಹಟ ಮಾಡಲಿ, ಸುಳ್ಳ ಎಂದು ಎಲ್ಲರೆದುರು ಕೂಗಲಿ.

“ಹೌದು” ಎಂದಳು. “ಎತ್ತಿದ್ದೆ.”

ಮೆಟ್ಟಿಲು ಇಳಿಯುವವಳಂತೆ ಒಂದೊಂದೇ ಕಾಲಿಟ್ಟು ಕೆಳಗಿಳಿದಳು.

ಅವನು ಸೀಸದ ಗುಂಡನ್ನು ಇಕ್ಕಳದ ಬಾಯಿಗಿಟ್ಟು ಒತ್ತಿದ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದ, ಅಂಗೈ ಕೆಂಪಾಯಿತು. ಮುದುಕಿ ಮೂಟೆಯನ್ನು ಎಳೆದು ತಂದು, ಯಾರೂ ಹೇಳದೆಯೇ, ಎಡಮೂಲೆಯ ಮೇಲೆ ಇಟ್ಟಳು.

“ನೀವು ಹೇಳಿದ್ಮೇಲೆ ಆಯ್ತಲ್ಲ ಸ್ವಾಮಿ” ಎಂದಳು. “ನಾವು ಓದಿದೋರಾ?”

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂರಲಿಲ್ಲ. ಎರಡು ನಿಲ್ದಾಣ ಕಳೆದ ಮೇಲೆ ಅವನು ಕೆಮ್ಮಿ, “ಮೂರು ಗದ್ದದವನಿಗೆ ಒಬ್ಬ ತಮ್ಮ ಇದ್ದ. ಒಂದೇ ಗದ್ದ. ಅವನನ್ನು ಹಿಡಿಯೋದು ಇನ್ನೂ ಕಷ್ಟ. ಅದಕ್ಕೇ ನಾನು ಉಪಾಯ ಮಾಡಿ...”

“ಹೂಂ” ಎಂದಳು.

“...ಅವನಿಗೆ ಗೊತ್ತಾಗದ ಹಾಗೆ ಮುದ್ರೆಯೊಳಗೆ ಒಂದು ಗುಟ್ಟು ಬರೆದಿಟ್ಟೆ.”

“ಹೂಂ.”

ಎರಡೂ ಹೂಂ ಒಂದೇ ತೂಕದವಾಗಿದ್ದವು. ಮೇಲಧಿಕಾರಿಗೆ ತಾನು ಹೇಳುವ ‘ಸರ್’ ಕೂಡ ಹೀಗೇ ಕೇಳಿಸುತ್ತಿರಬೇಕು ಎನ್ನಿಸಿತು. ಅವಳ ತೋಳು ಹಿಡಿದು ಅಲುಗಿಸಬೇಕೆನಿಸಿ, ಕೈಯನ್ನು ಜೇಬಿನೊಳಗೆ ಇಟ್ಟುಕೊಂಡ.

ಆರು ಗಂಟೆಗೆ ಹೆಂಡತಿ ಬಂದಳು. ಮಗಳಿಗೆ ಹಾಲು ಕಾಯಿಸಿ ಕೊಟ್ಟು, ಮೇಜಿನ ಎದುರು ಕೂತು, ಕಾಲು ಚಾಚಿದಳು. “ಹೂಂ, ಹೇಳಮ್ಮ. ಎಷ್ಟು ತಕ್ಕಡಿ ಪುಡಿಯಾಯ್ತು ಇವತ್ತು?”

ಅವನು ಪತ್ರಿಕೆಯ ಹಿಂದೆ ಉಸಿರು ಹಿಡಿದ. ಹೇಳಲಿ. ಹೇಳಿಬಿಟ್ಟರೆ ಒಂದು ಜಗಳವಾಗುತ್ತದೆ, ಬೆಳಗಾಗುತ್ತದೆ. ಆಮೇಲೆ ಏನಾದರೂ ಆಗಬಹುದು.

“ಒಂದೇ” ಎಂದಳು ಮಗಳು. “ಆದ್ರೆ ಅದು ಈ ಮನೆಯಷ್ಟು ದೊಡ್ಡದು. ಅಪ್ಪ ಬರೋದು ನೋಡಿದ ತಕ್ಷಣ ಅವನ ಎರಡು ಗದ್ದ ಕರಗೇ ಹೋಯ್ತಮ್ಮ.”

“ಅಯ್ಯೋ ಪಾಪ. ಆಮೇಲೆ?”

“ಆಮೇಲೆ ಅಪ್ಪ ಮೂಲೆಗೆ ಹೋಗಿ ನಿಂತ.” ದನಿ ತಗ್ಗಿತು. ಎಲ್ಲಿ ತಗ್ಗಬೇಕೋ ಅಲ್ಲೇ ತಗ್ಗಿತು. “ಎಲ್ಲರೂ ಸುಮ್ಮನಾದ್ರು. ಒಬ್ಬಳು ಅಜ್ಜಿ ಇದ್ದಳು. ಅವಳು ಅಪ್ಪನಿಗೆ ಕೈ ಮುಗಿದಳು.”

“ನೋಡಿ” ಎಂದಳು ಹೆಂಡತಿ ನಗುತ್ತಾ. “ಥೇಟ್ ನೀವೇ.”

ಮಗಳು ನಗಲಿಲ್ಲ. ಅವನ ಕಡೆ ಒಮ್ಮೆಯೂ ತಿರುಗಲಿಲ್ಲ. ಮೇಜಿಗೆ ಮೊಣಕೈ ಊರಿ, ಕೇಳುವವರನ್ನು ಕಾಯಿಸುವುದಕ್ಕೆಂದೇ, ಲೋಟವನ್ನು ಬಾಯಿಗೆ ಎತ್ತಿ ನಿಧಾನವಾಗಿ ಕುಡಿಯತೊಡಗಿದಳು.

“ಸಾಕು” ಎಂದು ಅವನು ಮೇಜಿಗೆ ಗುದ್ದಿದ.

ಲೋಟದ ಸ್ಟೀಲಿನ ಅಂಚು ಹಲ್ಲಿಗೆ ಬಡಿದ ಸಣ್ಣ ಸದ್ದು. ಅವಳು ಲೋಟ ಇಳಿಸಿದಳು. ಹಾಲಿನಲ್ಲಿ ಕೆಂಪು ಎಳೆಯೊಂದು ಬಿಚ್ಚಿಕೊಳ್ಳುತ್ತಿತ್ತು. ನಾಲಿಗೆಯಿಂದ ಏನನ್ನೋ ಹುಡುಕಿ ಅಂಗೈಗೆ ಉಗುಳಿದಳು. ಮುಂದಿನ ಹಲ್ಲು.

“ಏನ್ರೀ ಇದು” ಹೆಂಡತಿ ಎದ್ದು ನಿಂತಳು.

“ಸಡಿಲ ಆಗಿತ್ತಮ್ಮ” ಮಗಳು ಅವನಿಗಿಂತ ಮೊದಲೇ ಹೇಳಿದಳು. “ಬೆಳಗ್ಗೆಯಿಂದಾನೇ. ಬಸ್ಸಲ್ಲಿ ಅಪ್ಪನಿಗೆ ತೋರಿಸಿದ್ದೆ. ಅಲ್ವಾಪ್ಪ?”

ತೋರಿಸಿರಲಿಲ್ಲ. ಅಥವಾ ತಾನು ನೋಡಿರಲಿಲ್ಲವೇ? ಆ ಹಲ್ಲು ಸಡಿಲವಾಗಿತ್ತೋ ಗಟ್ಟಿಯಾಗಿತ್ತೋ, ಬಾಯ್ತುಂಬ ನಕ್ಕ ಮಗಳ ಪಕ್ಕದಲ್ಲೇ ಕೂತು ಬಂದ ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಅವನನ್ನೇ ನೋಡುತ್ತಿದ್ದಳು.

“ತೋರಿಸಿದ್ದಳು” ಎಂದ.

ಮಗಳು ಹಲ್ಲನ್ನು ಮೇಜಿನ ಅಂಚಿಗೆ ಇಟ್ಟು ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು. ಒಂದೊಂದು ಮಾತಿಗೂ ಕೆಳದುಟಿಯ ಮೇಲೆ ಕೆಂಪು ಹನಿ ಕೂಡಿ, ತುಂಬಿ, ಗದ್ದದತ್ತ ಇಳಿಯುತ್ತಿತ್ತು. ಒರೆಸಿಕೊಳ್ಳಲು ನಿಲ್ಲಿಸಬೇಕಾಗುತ್ತದೆಂದು ಅವಳು ಒರೆಸಿಕೊಳ್ಳಲಿಲ್ಲ.