ಮೂರನೇ ಅಂಗಡಿಯ ಉಪ್ಪು

ಗಂಟಲಿನ ಗಡ್ಡೆಗೆ ಕೊಟ್ಟ ರೇಡಿಯೇಶನ್ ಮುಗಿದು ಒಂದು ಮಳೆಗಾಲ ಕಳೆದಿತ್ತು. ಗಡ್ಡೆ ಕರಗಿತ್ತು, ಅದರ ಜೊತೆಗೆ ರಾಜಾಮಣಿಯ ನಾಲಿಗೆಯ ರುಚಿಯೂ ಹೋಗಿತ್ತು. ಮೆಣಸಿನಕಾಯಿಯ ಉರಿ ತಿಳಿಯುತ್ತಿತ್ತು, ಬಿಸಿ ತಂಪು ತಿಳಿಯುತ್ತಿತ್ತು, ಮೂಗಿಗೆ ವಾಸನೆ ಬರುತ್ತಿತ್ತು. ಉಪ್ಪು, ಹುಳಿ, ಸಿಹಿ ಮಾತ್ರ ಇಲ್ಲ. ಅನ್ನ ಬಾಯಲ್ಲಿ ಒದ್ದೆ ಹತ್ತಿಯ ಹಾಗೆ ಇರುತ್ತಿತ್ತು. ರುಚಿ ಕೆಲವರಿಗೆ ಬೇಗ ಮರಳಿ ಬರುತ್ತದೆ, ಕೆಲವರಿಗೆ ತಡವಾಗಿ, ಕೆಲವರಿಗೆ ಪೂರ್ತಿ ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು.

ಮನೆಯವರೆಲ್ಲ ಅದು ಯಾವಾಗಲೋ ಬಂದಿದೆ ಎಂದೇ ತಿಳಿದಿದ್ದರು. ಹಾಗೆ ಹೇಳಿದವಳು ಅವಳೇ. ಗಂಡ ಅಂಗಪ್ಪನ್‌ಗೆ ಊರಿನ ಆರ್.ಎಸ್. ಪುರಂ ಬಡಾವಣೆಯಲ್ಲಿ ಸೀರೆ ಅಂಗಡಿ. ಅವಳು ಸಪ್ಪೆ ಗಂಜಿ ಕುಡಿಯುವಾಗ ತಾನೂ ಅದನ್ನೇ ಕುಡಿಯುತ್ತಿದ್ದ, ಉಪ್ಪಿನಕಾಯಿಯ ಜಾಡಿ ಮುಟ್ಟುತ್ತಿರಲಿಲ್ಲ. ಅವನ ಶರಟು ದಿನದಿನಕ್ಕೆ ಸಡಿಲವಾಗುವುದನ್ನು ನೋಡಲಾರದೆ, ಒಂದು ಬೆಳಿಗ್ಗೆ ಅವಳು, “ಇವತ್ತು ಚಟ್ನಿ ರುಸಿ ತಿಳೀತು” ಎಂದುಬಿಟ್ಟಳು. ಅವನು ಅಂದು ನಾಲ್ಕು ದೋಸೆ ತಿಂದ. ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಆಮೇಲೆ ಅವಳಿಗೆ ಸಿಗಲಿಲ್ಲ. ವಾಸನೆ ನೋಡಿ, ಕೈಯಳತೆ ನಂಬಿ ಅಡುಗೆ ಮಾಡುತ್ತ ದಿನ ನೂಕಿದಳು.

ಮಗಳು ತಮಿಳ್‌ಸೆಲ್ವಿಗೆ ಪೀಳಮೇಡು ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸ. ರಜೆ ಸಿಕ್ಕಾಗ ಊರಿನ ಹೋಟೆಲುಗಳ ತಿಂಡಿ ತಿಂದು, ಬೆಲೆ ರುಚಿ ಹೇಳುವ ವಿಡಿಯೋ ಮಾಡಿ ಹಾಕುತ್ತಿದ್ದಳು. ನೋಡುವವರು ಈಗೀಗ ಹೆಚ್ಚಾಗಿದ್ದರು. ಆ ಶನಿವಾರ ತಾಯಿಯನ್ನು ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಬಂದಿದ್ದಳು. ಗಂಟಲು ಶುದ್ಧವಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಇಬ್ಬರೂ ಹಗುರವಾಗಿ ರಸ್ತೆಗೆ ಬಂದರು.

“ಅಮ್ಮಾ, ಈ ರೋಡಲ್ಲೇ ಮೂರು ಬರ್ಗರ್ ಅಂಗಡಿ ಅದಾವೆ. ಮೂರರಲ್ಲೂ ವೆಜ್ ಬರ್ಗರ್ ತಿಂದು ಯಾವುದು ಒಳ್ಳೇದು ಅಂತ ಒಂದು ವಿಡಿಯೋ ಮಾಡೋಣ. ರುಸಿ ನೀನ್ ಹೇಳು.”

“ನಾನ್ಯಾಕೆ, ನನ್ ಕಣ್ಣು? ನೀನೇ ಹೇಳು.”

“ಕಲ್ಯಾಣದ ಮನೇಲಿ ಅಡುಗೆಯವರು ರಸ ಇಳಿಸೋಕೆ ಮುಂಚೆ ನಿನ್ನ ಹತ್ರ ತಾನೇ ಸೌಟು ತರ್ತಿದ್ರು? ನಿನಗಿಂತ ಯಾರು ಬೇಕು?”

ಆಗಲೇ ನಿಜ ಹೇಳಿಬಿಡಬೇಕು ಎಂದು ರಾಜಾಮಣಿಗೆ ಎನಿಸಿತು. ಆದರೆ ಆಸ್ಪತ್ರೆಯಿಂದ ನಗುತ್ತ ಬಂದ ಮಗಳ ಮುಖ ನೋಡಿ ಅವಳ ಹಿಂದೆಯೇ ನಡೆದಳು.

ಮೊದಲನೆಯದು ಚೆನ್ನೈ ಕಂಪನಿಯದು. ಬರ್ಗರ್ ಎಪ್ಪತ್ತೊಂಬತ್ತು ರೂಪಾಯಿ. ಬಾಯಿ ಒಣಗುವುದರಿಂದ ರಾಜಾಮಣಿ ಒಂದೊಂದು ತುತ್ತಿಗೂ ನೀರು ಕುಡಿಯುತ್ತ ತಿಂದಳು. ಮಗಳು ಫೋನು ಹಿಡಿದು, ಮನೆಮಾತು ಕನ್ನಡ ಬಿಟ್ಟು ಊರಿನ ತಮಿಳಿನಲ್ಲಿ, “ನಮ್ಮ ಅಮ್ಮ ಹೇಳಿದರೆ ತಪ್ಪುವುದೇ ಇಲ್ಲ” ಎಂದು ಎಲ್ಲರಿಗೂ ಪರಿಚಯ ಮಾಡಿದಳು. ರಾಜಾಮಣಿ ಹಲ್ಲಿಗೆ ತಿಳಿದದ್ದನ್ನು ಹೇಳಿದಳು. ಹೊರಗೆ ಗರಿಗರಿ, ಒಳಗೆ ಆಲೂಗಡ್ಡೆ ಚೆನ್ನಾಗಿ ಬೆಂದಿದೆ.

“ಉಪ್ಪು?”

“ಸರಿಯಾಗಿ ಅದೆ.”

ಎರಡನೆಯದು ವಿದೇಶಿ ಹೆಸರಿನದು. ಗಾಜಿನ ಬಾಗಿಲು, ಗೋಡೆಯ ಟಚ್‌ಸ್ಕ್ರೀನ್ ಒತ್ತಿ ತಿಂಡಿ ಹೇಳಬೇಕು. ಬರ್ಗರ್ ನೂರ ಎಂಬತ್ತೊಂಬತ್ತು. ಬೆಣ್ಣೆಯಲ್ಲಿ ಬನ್ನು ಕಾಯಿಸಿದ ವಾಸನೆ ಮೂಗಿಗೆ ಬಂತು, ನಾಲಿಗೆಗೆ ಏನೂ ಬರಲಿಲ್ಲ. ಮಗಳು ಮೊದಲು ಕಚ್ಚಲಿ ಎಂದು ರಾಜಾಮಣಿ ಕಾದು, ಅವಳ ಹುಬ್ಬು ಮೇಲೇರಿದ್ದನ್ನು ನೋಡಿ, “ರುಸಿ ಅದೆ. ಆದ್ರೆ ವಿಲೆ ಜಾಸ್ತಿ” ಎಂದು ಮಾತನ್ನು ಬೆಲೆಯ ಕಡೆಗೆ ತಿರುಗಿಸಿದಳು. ಹೇಳಿದ ಮೇಲೆ ಬರ್ಗರನ್ನು ತಟ್ಟೆಗಿಟ್ಟಳು. ಮನೆಯಲ್ಲಿ ಗಂಡನಿಗೆ ಹೇಳಿದ ಸುಳ್ಳು ಬೇರೆ. ಕಂಡು ಕೇಳದ ಜನ ತನ್ನ ಮಾತು ನಂಬಿ ದುಡ್ಡು ಕೊಡುತ್ತಾರಲ್ಲ.

ಮೂರನೆಯದು ತಿರುಪ್ಪೂರಿನಲ್ಲಿ ಶುರುವಾಗಿ ಇಲ್ಲಿಗೆ ಬಂದದ್ದು. ತೊಂಬತ್ತು ರೂಪಾಯಿ. ಇಲ್ಲಿ ಏನು ಹೇಳಲಿ ಎಂದು ಯೋಚಿಸುತ್ತಲೇ ರಾಜಾಮಣಿ ಕಚ್ಚಿದಳು. ನಾಲಿಗೆಯ ಅಂಚಿನಲ್ಲಿ ಏನೋ ಚುರುಕ್ ಎಂದಿತು. ಖಾರವಿರಬೇಕು ಎಂದುಕೊಂಡಳು. ನೀರು ಕುಡಿದು, ಇನ್ನೊಂದು ತುಂಡು ಕಚ್ಚಿ, ಅಗಿಯದೆ ಹಾಗೇ ಬಾಯಲ್ಲಿಟ್ಟುಕೊಂಡಳು. ಖಾರವಲ್ಲ.

“ಉಪ್ಪು ಜಾಸ್ತಿ” ಎಂದಳು.

“ಏನಮ್ಮಾ?”

“ಉಪ್ಪು ಜಾಸ್ತಿ ಹಾಕಿಬಿಟ್ಟವ್ರೆ, ಕಣ್ಣು.” ಹೇಳುತ್ತಿದ್ದಂತೆ ಅವಳ ಕಣ್ಣಿಂದ ನೀರು ಇಳಿಯಿತು.

ತಮಿಳ್‌ಸೆಲ್ವಿ ಫೋನು ಕೆಳಗಿಟ್ಟಳು. “ಉಪ್ಪು ಜಾಸ್ತಿ ಆದ್ರೆ ಅಳ್ತಾರಾ? ಗಂಟಲು ನೋಯ್ತಾ ಅದಾ?”

“ನೋವಿಲ್ಲೆ. ನನಗೆ ಉಪ್ಪು ತಿಳೀತಾ ಅದೆ. ಈಗತಾನೆ.”

“ಈಗತಾನೆ ಅಂದ್ರೆ? ರುಸಿ ಬಂದು ಎಷ್ಟೋ ದಿನ ಆಯ್ತು ಅಂದ್ಯಲ್ಲ?”

ರಾಜಾಮಣಿ ಎಲ್ಲವನ್ನೂ ಹೇಳಿದಳು. ಗಂಜಿ, ಅಪ್ಪನ ಶರಟು, ಮೊದಲ ದಿನದ ಚಟ್ನಿ, ಈಗ ಹೇಳಿದ ಎರಡು ಅಂಗಡಿಯ ತೀರ್ಪು. ಮಗಳು ಮುಖ ಬಿಗಿದುಕೊಂಡು ಕೇಳಿದಳು. “ಒಬ್ಬಳೇ ಇಟ್ಕೊಂಡು ಕೂತಿದ್ದೀಯಲ್ಲ” ಎಂದು ಒಮ್ಮೆ ಗದರಿದಳು. ಆಮೇಲೆ ಎದ್ದು ಬಂದು ತಾಯಿಯ ಪಕ್ಕದಲ್ಲೇ ಕುಳಿತು, ಟೊಮೇಟೊ ಸಾಸಿನ ಪೊಟ್ಟಣ ಹರಿದು ಅವಳ ಬೆರಳಿಗೆ ಹಿಂಡಿದಳು.

“ಇದನ್ನ ನೆಕ್ಕು.”

ರಾಜಾಮಣಿ ನೆಕ್ಕಿದಳು. “ಹುಳಿ ಸ್ವಲ್ಪ ಅದೆ. ಸಿಹಿ ಇನ್ನೂ ಬಂದಿಲ್ಲೆ.”

“ಸಿಹಿ ನಿಧಾನವಾಗಿ ಬರ್ಲಿ” ಎಂದಳು ಮಗಳು. ಆಗಲೇ ಆಸ್ಪತ್ರೆಗೆ ಫೋನು ಮಾಡಿದಳು. ಅದು ಬರುವ ಬಗೆಯೇ ಹಾಗೆ, ಒಂದೊಂದಾಗಿ ಬರುತ್ತದೆ, ಭಯಪಡುವುದೇನಿಲ್ಲ ಎಂದು ಅಲ್ಲಿನ ನರ್ಸು ಹೇಳಿದಳು. ರಾಜಾಮಣಿ ಕಾಲು ಚಾಚಿ ಕುರ್ಚಿಗೆ ಒರಗಿದಳು.

“ಆ ವಿಡಿಯೋ ಅಳಿಸಿಬಿಡು” ಎಂದಳು. “ವಾಪಸ್ ಹೋಗೋಣ. ಸರಿಯಾಗಿ ತಿಂದು ಹೇಳ್ತೀನಿ.”

ಬಂದ ದಾರಿಯಲ್ಲೇ ಹಿಂದಕ್ಕೆ, ಮೊದಲು ಚೆನ್ನೈ ಅಂಗಡಿಗೆ, ಆಮೇಲೆ ವಿದೇಶಿ ಅಂಗಡಿಗೆ ಹೋದರು. ಈ ಸಲ ಒಂದೊಂದು ಬರ್ಗರನ್ನು ಇಬ್ಬರೂ ಹಂಚಿಕೊಂಡರು. ರಾಜಾಮಣಿ ಮಗಳ ಮುಖ ನೋಡಲಿಲ್ಲ, ಕಣ್ಣು ಮುಚ್ಚಿ ಅಗಿದಳು. ಚೆನ್ನೈ ಅಂಗಡಿಯದರಲ್ಲಿ ಆಲೂಗಡ್ಡೆಗೆ ಉಪ್ಪೇ ಸಾಲದು, ಕಡಿಮೆ ಬೆಲೆಗೆ ಹೊಟ್ಟೆ ತುಂಬುತ್ತದೆ ಅಷ್ಟೆ. ವಿದೇಶಿ ಅಂಗಡಿಯದರಲ್ಲಿ ಉಪ್ಪಿಗೆ ಉಪ್ಪು, ಹುಳಿಗೆ ಹುಳಿ ಸರಿಯಾಗಿ ಕೂತಿತ್ತು. ಬೆಲೆ ನೋಡಿ ಮನಸ್ಸು ಬರದಿದ್ದರೂ ಮೂರರಲ್ಲಿ ಅದೇ ಮೇಲು ಎಂದು ಫೋನಿನ ಮುಂದೆ ತಮಿಳಿನಲ್ಲಿ ಸ್ಪಷ್ಟವಾಗಿ ಹೇಳಿದಳು.

“ಆ ತಿರುಪ್ಪೂರು ಅಂಗಡಿ?” ಎಂದು ಮಗಳು ಕೇಳಿದಳು.

“ಅದು ಕಡೇದು. ನನಗೆ ಒಳ್ಳೇದು ಮಾಡ್ತು ಅಂತ ಉಪ್ಪು ಕಮ್ಮಿ ಆಗುತ್ತಾ?”

ಇಬ್ಬರೂ ನಕ್ಕರು. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ತಿರುಗಿ ನೋಡಿದರು.

ಆಮೇಲೆ ರಾಜಾಮಣಿ ಗಂಡನಿಗೆ ಫೋನು ಮಾಡಿ, ಬಚ್ಚಿಟ್ಟದ್ದನ್ನೂ, ಮೂರು ಅಂಗಡಿಯ ಬರ್ಗರ್ ತಿನ್ನುವಾಗ ರುಚಿ ಬಂದದ್ದನ್ನೂ ಒಟ್ಟಿಗೇ ಹೇಳಿದಳು. ಆಚೆ ಕಡೆ ಯಾರೋ ಸೀರೆಯ ಬಣ್ಣ ಕೇಳುತ್ತಿದ್ದರು. ಗಿರಾಕಿಯನ್ನು ಬಿಟ್ಟು ಅಂಗಪ್ಪನ್ ಫೋನು ಹಿಡಿದು ಬೀದಿಗೆ ಬಂದದ್ದು ವಾಹನಗಳ ಸದ್ದಿನಿಂದ ತಿಳಿಯಿತು.

“ನಿಜವಾಗ್ಲೂ ತಿಳೀತಾ ಅದಾ?” ಎಂದು ಕೇಳಿದ.

“ನಿಜವಾಗ್ಲೂ.”

“ಸರಿ. ಯಾವುದು ಒಳ್ಳೇದೋ ಅದರಲ್ಲಿ ನನಗೂ ಒಂದು ಕಟ್ಟಿಸ್ಕೊಂಡು ಬಾ.”

“ಅದು ವಿಲೆ ಜಾಸ್ತಿ.”

“ಇರ್ಲಿ, ತಗೊಂಡು ಬಾ” ಎಂದ.

ರಾಜಾಮಣಿ ಫೋನು ಮಗಳ ಕೈಗೆ ಕೊಟ್ಟು, ತಾನೇ ಹೋಗಿ ಟಚ್‌ಸ್ಕ್ರೀನಿನ ಮುಂದಿನ ಸಾಲಿನಲ್ಲಿ ನಿಂತಳು.