ಒಂಚೂರು ಜೋರು

"ಬಣ್ಣ ನೋಡೇ ಎಷ್ಟು ಚೆಂದ! ಕೆಂಪು ಮಾಂಸದ್ದು, ಹಸಿರು ತರಕಾರೀದು, ಹಳದಿ... ಹಳದಿ ಚೀಸಿಂದೇ ಇರ್ಬೇಕು. ನಾವು ಚಿಕ್ಕೋರಿದ್ದಾಗ ಮಕ್ಕಳ ತಟ್ಟೇಲೂ ಇಷ್ಟು ಬಗೆ ಇರ್ತಿರ್ಲಿಲ್ಲ" ಎನ್ನುತ್ತಾ ದೊನ್ಯಾ ಎದುವಿನಾ ಬೆಕ್ಕಿಗೆ ಹಾಕುವ ಅಂಗಡಿಯ ಒಣ ಕಾಳನ್ನು ಅಂಗೈ ತುಂಬ ತಂದು ನನ್ನ ಮೂಗಿಗೇ ಹಿಡಿದರು.

ಹಳೇ ಎಣ್ಣೆಯಲ್ಲಿ ಕರಿದ ರಟ್ಟಿನ ವಾಸನೆ.

"ಘಮ ಅಂತೂ ಇದೆ" ಎಂದೆ. 'ದೊನ್ಯಾ' ಎಂದು ಎಲ್ಲರೂ ಗೌರವದಿಂದ ಕರೆಯುವ ಹಿರಿಯರು, ಏನಾದರೂ ಅನ್ನಬೇಕಲ್ಲ.

ಬಂದರಿನ ಊರು ವಾಲ್ಪರೈಸೋದ ನಮ್ಮ ಬೆಟ್ಟದಲ್ಲಿ ನಮ್ಮಿಬ್ಬರ ಮನೆಯೂ ಒಂದೇ ಮೆಟ್ಟಿಲ ಸಾಲಿನಲ್ಲಿ. ಸಂಜೆಯ ಚಹಾ ಒಂದು ದಿನ ಅವರ ಮನೆಯಲ್ಲಿ, ಒಂದು ದಿನ ನನ್ನಲ್ಲಿ. ಬಿಸಿ ಬ್ರೆಡ್ಡು, ಅದರ ಮೇಲೆ ಜಜ್ಜಿದ ಬೆಣ್ಣೆಹಣ್ಣು, ಜೊತೆಗೆ ಇಡೀ ಬೆಟ್ಟದ ಸುದ್ದಿ. ನನ್ನ ಬೆಕ್ಕು ಕನೇಲಾ. ಅವರದು ಅಲ್ಮಿರಾಂತೆ, ಹೆಸರಿಗೆ ತಕ್ಕಂತೆ ನೌಕಾಪಡೆಯ ದೊಡ್ಡ ಸಾಹೇಬನ ಹಾಗೇ ಎದೆ ಸೆಟೆಸಿ ನಡೆಯುವ ಬೂದು ಗಂಡು.

ಈ ಸಾಹೇಬ ಕೆಲವು ದಿನಗಳಿಂದ ಮರಳಿನ ತಟ್ಟೆಗೆ ಪದೇ ಪದೇ ಹೋಗುವುದು, ಕೂರುವುದು, ನಾಲ್ಕು ಹನಿ ಬಿಟ್ಟು ಏಳುವುದು ನನ್ನ ಕಣ್ಣಿಗೆ ಬಿದ್ದಿತ್ತು. ನನ್ನ ತಂಗಿಯ ಗಂಡುಬೆಕ್ಕು ಹೀಗೇ ಶುರುವಾಗಿ ಮೂತ್ರ ಕಟ್ಟಿ ಸತ್ತದ್ದು. ಬರೀ ಒಣ ಕಾಳು, ಅದರಲ್ಲೂ ಅಗ್ಗದ್ದು, ಮೇಲೆ ನೀರು ಕುಡಿಯದ ಬೆಕ್ಕು ಎಂದರೆ ಮೂತ್ರದ ದಾರಿಯಲ್ಲೇ ಮರಳಿನಂಥ ಹರಳು ಕಟ್ಟುತ್ತದೆ ಎಂದು ಡಾಕ್ಟರು ಅವಳಿಗೆ ಹೇಳಿದ್ದರು.

ಹಾಗಂತ ದೊನ್ಯಾ ಎದುವಿನಾಗೆ ಹೇಳುವುದು ಹೇಗೆ? ಕೆಳಮನೆಯ ಲೂಸ್ಮಿರಾ ಹೋದ ವರ್ಷ "ಅದೇನು ಊಟಾನಾ? ಬಣ್ಣ ಹಾಕಿದ ಮರದ ಹೊಟ್ಟು!" ಎಂದು ಅಂದುಬಿಟ್ಟಿದ್ದಳು. ಅಂದಿನಿಂದ ದೊನ್ಯಾ ಅವಳ ಬಾಗಿಲು ದಾಟುವಾಗ ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡೇ ಮೆಟ್ಟಿಲಿಳಿಯುತ್ತಾರೆ. ಆ ವಯಸ್ಸಿನಲ್ಲಿ ಕಾಲ ಬುಡ ನೋಡದೆ! ಬಾಯಿಬಿಟ್ಟರೆ ಚಹಾದ ಗೆಳತಿ ಹೋಗುತ್ತಾರೆ, ಸುಮ್ಮನಿದ್ದರೆ ಬೆಕ್ಕು.

ನಮ್ಮವರು ಕಹಿ ಮಾತಿನ ಬಾಲಕ್ಕೆಲ್ಲ 'ಇತೊ', ಅಂದರೆ ಪುಟ್ಟದು, ಎಂದು ಒಂದು ಚಿಟಿಕೆ ಸಕ್ಕರೆ ಹಚ್ಚುತ್ತಾರೆ. ಸಾಲವೂ ಪುಟ್ಟ ಸಾಲ, ಕಾಯಿಲೆಯೂ ಪುಟ್ಟ ಕಾಯಿಲೆ. ಸತ್ತವನನ್ನು ಕೂಡ 'ಮ್ವೆರ್ತಿತೊ' ಅನ್ನುತ್ತೇವೆ, ಹೆಣವೂ ಕುಗ್ಗಿತೋ ಎಂಬಂತೆ. ನಾನೂ ಸಕ್ಕರೆ ಡಬ್ಬಕ್ಕೇ ಕೈ ಹಾಕಿದೆ.

"ಈ ಕಾಳು ಒಂಚೂರು ಜೋರು ಅನ್ಸುತ್ತೆ ದೊನ್ಯಾ. ಒಂದೇ ಒಂಚೂರು."

ಅವರ ಮುಖ ಅರಳಿತು. "ಜೋರು! ಅಲ್ವಾ? ಭಾರಿ ಶಕ್ತಿ ಇದೆ ಅದ್ರಲ್ಲಿ ಅಂತ ನಾನೂ ಹೇಳ್ತೀನಿ, ಯಾರು ಕೇಳ್ತಾರೆ!"

ಬಿಡಿಸಿ ಹೇಳುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತ್ತು.

ಮರುದಿನ ಬೌದಿಲ್ಯೋನ ಅಂಗಡಿಗೆ ಹೋದರೆ ಬೆಕ್ಕಿನ ಕಾಳಿನ ಮೂಟೆಗೆ ಒಂದು ರಟ್ಟು ಚುಚ್ಚಿದ್ದ: 'ಜೋರು ಕಾಳು'.

"ನೀವೇ ಅಂದ್ರಂತಲ್ಲ ಒತಿಲಿಯಾ! ದೊನ್ಯಾ ಬಂದು ಅಂಗಡಿಗೆಲ್ಲ ಸಾರಿಬಿಟ್ರು. ಬೆಳಿಗ್ಗೆಯಿಂದ ಅರ್ಧ ಮೂಟೆ ಖಾಲಿ" ಎಂದ. ಕೈ ಮುಗಿಯುವುದೊಂದು ಬಾಕಿ.

ಸಂಜೆ ದೊನ್ಯಾ ನನ್ನ ಮನೆಗೆ ಬಂದದ್ದು ಕೈಯಲ್ಲಿ ದೊಡ್ಡ ಪೊಟ್ಟಣ ಹಿಡಿದು. "ಕನೇಲಾಗೆ. ಬಡಕಲಾಗಿದಾಳೆ ಪಾಪ. ಹಾಕು ಈಗ, ತಿನ್ನೋದು ನೋಡಣ."

"ಅವಳದ್ದು ಈಗ್ತಾನೇ ಊಟ ಆಯ್ತು."

"ಬೆಕ್ಕಿಗೆ ಊಟ ಆಯ್ತು ಅನ್ನೋದುಂಟೇನೇ? ಹಾಕು, ಹಾಕು."

ಹಾಕಿದೆ. ಕನೇಲಾ ಬಂದಳು, ಮೂಸಿದಳು. ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಮುಂಗಾಲು ಎತ್ತಿ ತಟ್ಟೆಯ ಸುತ್ತ ನೆಲವನ್ನು ಕೆರೆಯತೊಡಗಿದಳು. ಈ ಪಕ್ಕ ಕೆರೆದಳು, ಆ ಪಕ್ಕ ಕೆರೆದಳು, ಕೊನೆಗೆ ಚಾಪೆಯ ಅಂಚನ್ನೇ ಎಳೆದು ತಟ್ಟೆಯ ಮೇಲೆ ಮುಚ್ಚಿ, ಬಾಲ ಎತ್ತಿಕೊಂಡು ಹೊರಟುಹೋದಳು.

"ಏನೇ ಮಾಡಿದ್ಳು ಅವಳು?"

"ಆಟ... ಆಟ ಆಡ್ತಾಳೆ ದೊನ್ಯಾ."

"ಆಟ ಅಲ್ಲ, ಹೂತಳು. ಬೆಕ್ಕು ಏನನ್ನ ಹೂಳುತ್ತೆ ಅಂತ ನಂಗೆ ಹೇಳ್ಕೊಡ್ಬೇಡ."

ಈಗ ಏಳುತ್ತಾರೆ, ಮುಖ ಸಮುದ್ರಕ್ಕೆ ತಿರುಗುತ್ತದೆ ಎಂದುಕೊಂಡೆ. ಆದರೆ ದೊನ್ಯಾ ನಕ್ಕರು. ಬ್ರೆಡ್ಡಿನ ಚೂರು ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕರು. ನಗು ನಿಂತಾಗ ಕಣ್ಣು ಒದ್ದೆಯಾಗಿತ್ತು.

"ನೀನು ಜೋರು ಅಂದೆಯಲ್ಲೇ?"

"ಒಂಚೂರು ಜೋರು ಅಂದೆ. ಅತಿಯಾಯ್ತು ಅಂತ."

"ಹಾಗಂತ ಯಾರಿಗೆ ಗೊತ್ತಾಗುತ್ತೆ! ಲೂಸ್ಮಿರಾ ನಾಲಿಗೆಗೆ ಉಪ್ಪು ಜಾಸ್ತಿ, ನಿನ್ನದಕ್ಕೆ ಸಕ್ಕರೆ. ಹದವಾಗಿ ಮಾತಾಡೋಳು ಒಬ್ಬಳೂ ಹುಟ್ಟಲಿಲ್ವೇನೇ ಈ ಬೆಟ್ಟದಲ್ಲಿ?" ಎಂದವರು ದನಿ ತಗ್ಗಿಸಿದರು. "ಅವನು ಮರಳಿನಲ್ಲಿ ಕೂತು ಕೂತು ಏಳ್ತಾನೆ ಮಗಳೇ. ಶಕ್ತಿ ಇಲ್ಲ ಅಂದ್ಕೊಂಡೆ. ನೀನು ಜೋರು ಅಂದ ಮೇಲೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದೆ."

ಆಗ ಸಕ್ಕರೆ ಬಿಟ್ಟು ಎಲ್ಲ ಹೇಳಿದೆ. ತಂಗಿಯ ಬೆಕ್ಕಿನ ಕಥೆಯನ್ನು ಕೊನೆಯವರೆಗೂ. ದೊನ್ಯಾ ಪೂರ್ತಿ ಕೇಳಿ, ಕಪ್ಪು ಕೆಳಗಿಟ್ಟು, "ಬುಟ್ಟಿ ತಗೊ" ಎಂದರು.

ಸಾಹೇಬನನ್ನು ಬುಟ್ಟಿಗೆ ಹಾಕಿಕೊಂಡು ಓಡಿದಾಗ ಪ್ರಾಣಿಗಳ ಡಾಕ್ಟರು ಇನ್ನೇನು ಬಾಗಿಲು ಎಳೆಯುತ್ತಿದ್ದರು. ಅಲ್ಮಿರಾಂತೆಯ ಹೊಟ್ಟೆ ಒತ್ತಿ ನೋಡುವಾಗ ದೊನ್ಯಾ ಎಚ್ಚರಿಸಿದರು: "ಸಕ್ಕರೆ ಹಾಕ್ಬೇಡಿ ಡಾಕ್ಟ್ರೇ, ಇದ್ದದ್ದು ಇದ್ದ ಹಾಗೆ ಹೇಳಿ."

"ಮರಳು ಕಟ್ಟೋಕೆ ಶುರುವಾಗಿದೆ. ದಾರಿ ಇನ್ನೂ ಮುಚ್ಚಿಲ್ಲ. ಇನ್ನೆರಡು ದಿನ ಬಿಟ್ಟಿದ್ರೆ ಕಷ್ಟ ಇತ್ತು" ಎಂದರು ಅವರು. ಔಷಧಿ, ತೇವದ ಊಟ, ಮನೆ ತುಂಬ ನೀರಿನ ಬಟ್ಟಲು.

ಈಗ ಸಾಹೇಬ ಮರಳಿನ ತಟ್ಟೆಗೆ ಹೋದರೆ ಕೆಲಸ ಮುಗಿಸಿ ಗತ್ತಿನಿಂದಲೇ ಬರುತ್ತಾನೆ. ಔಷಧಿ ಮುಗಿದ ಸಂಜೆ ನಾವು ದೊನ್ಯಾರ ಕಿಟಕಿಯ ಬಳಿ ಚಹಾಕ್ಕೆ ಕೂತಿದ್ದೆವು. ಉಳಿದ ಬಣ್ಣದ ಕಾಳಿನ ಪೊಟ್ಟಣ ತಂದು ಅವರು ಕಿಟಕಿ ತೆರೆದರು. "ಕಡಲಹಕ್ಕಿಗಳಿಗೆ ಹಾಕ್ಬಿಡ್ತೀನಿ. ಅವು ಕಲ್ಲು ಕೊಟ್ರೂ ತಿಂತಾವೆ."

"ಅವಕ್ಕೂ ಒಂಚೂರು..."

"ಹೇಳು, ಪೂರ್ತಿ ಹೇಳು."

"ಅವಕ್ಕೂ ಬೇಡ ದೊನ್ಯಾ."

"ಹಾಗೆ ಬಾಯಿಬಿಡು ಮತ್ತೆ!"

ಅಷ್ಟರಲ್ಲಿ ಪೊಟ್ಟಣ ಓರೆಯಾಗಿತ್ತು. ಕೆಂಪು, ಹಸಿರು, ಹಳದಿ ಕಾಳೆಲ್ಲ ತಗಡಿನ ಮಾಡಿನ ಮೇಲೆ ಪಟಪಟನೆ ಉರುಳಿ ಕೆಳಮನೆಯ ಅಂಗಳಕ್ಕೆ ಸುರಿಯಿತು. ಸುರಿಯುತ್ತಿರುವಾಗಲೇ ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಲೂಸ್ಮಿರಾ ತಲೆಗೂದಲಿನಲ್ಲಿ ಸಿಕ್ಕ ಒಂದು ಹಸಿರು ಕಾಳನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ನೋಡಿದಳು. ದೊನ್ಯಾ ಎದುವಿನಾರ ಮುಖ ಸಮುದ್ರದ ಕಡೆ ಹೊರಟಿತು, ಅರ್ಧದಲ್ಲಿ ನಿಂತಿತು, ಕೆಳಕ್ಕೆ ಬಗ್ಗಿತು. ಆಮೇಲೆ ಅವರು ಒಲೆಯ ಮೇಲಿದ್ದ ಚಹಾದ ಕೆಟಲನ್ನೂ ಮೂರನೆಯದೊಂದು ಕಪ್ಪನ್ನೂ ಎತ್ತಿ, ಕಿಟಕಿಯಿಂದಾಚೆ ಲೂಸ್ಮಿರಾಗೆ ಕಾಣುವಂತೆ ಹಿಡಿದರು.