ಮೊದಲನೆಯ ಸಾಕ್ಷಿ

"ಎಷ್ಟು ಸಲ ಓದ್ತೀರಿ ಅದನ್ನ? ಹಿರಿಯಾರು ಕುಂತು ಬರಸಿದ್ದೈತಿ," ಎಂದ ದ್ಯಾವಪ್ಪ.

ವಕೀಲೆ ಹಸೀನಾಬೇಗಂ ತಲೆ ಎತ್ತಲಿಲ್ಲ. ನೂರು ರೂಪಾಯಿಯ ಛಾಪಾ ಕಾಗದವನ್ನು ಮೂರನೆಯ ಬಾರಿ ಓದುತ್ತಿದ್ದರು. ಗಂಡನ ಹೊಡೆತ ತಾಳದೆ ಮಹೇಶ್ವರಿ ತವರಿಗೆ ಬಂದ ಮೇಲೆ, ಎಂಟು ತಿಂಗಳ ಹಿಂದೆ ಹನುಮಸಾಗರದಲ್ಲಿ ಎರಡೂ ಕಡೆಯ ಹಿರಿಯರು ಬರೆಸಿದ ಸೋಡಚೀಟಿ ಅದು. ಆಂಜನೇಯ ಮತ್ತು ಮಹೇಶ್ವರಿ ಇನ್ನು ಗಂಡ ಹೆಂಡತಿಯಲ್ಲ. ಮಗಳು ಅನುಷಾ ತಂದೆಯ ಬಳಿ ಇರತಕ್ಕದ್ದು. ತಾಯಿ ಮುಂದೆಂದೂ ಹಕ್ಕು ಕೇಳತಕ್ಕದ್ದಲ್ಲ. ಕೆಳಗೆ ಇಬ್ಬರ ಸಹಿ, ಅದರ ಕೆಳಗೆ ನಾಲ್ವರು ಸಾಕ್ಷಿಗಳದು.

ಕೊಪ್ಪಳದ ಕೋರ್ಟಿನ ಎದುರಿನ ಆ ಕೋಣೆಯಲ್ಲಿ ಕಕ್ಷಿದಾರರಿಗೆ ಮೂರು ಕುರ್ಚಿ. ಮಹೇಶ್ವರಿ ಮತ್ತು ಅವಳ ಅಣ್ಣ ದ್ಯಾವಪ್ಪನ ನಡುವಿನದು ಖಾಲಿ ಇತ್ತು. ದ್ಯಾವಪ್ಪ ಬಂದದ್ದು ಜೊತೆಯಾಗಲಿಕ್ಕಲ್ಲ, ಮಗುವಿನ ಆಸೆ ಬಿಡು ಎಂದು ವಕೀಲರ ಬಾಯಿಂದಲೇ ತಂಗಿಗೆ ಹೇಳಿಸಲಿಕ್ಕೆ. ಗಂಗಾವತಿಯಲ್ಲಿ ಹೆಂಡತಿ ತೀರಿಹೋದವನೊಬ್ಬನಿಗೆ ಮುಂದಿನ ತಿಂಗಳು ಅವಳನ್ನು ಕೊಡುವ ಮಾತು ಮುಗಿಸಿದ್ದ. ಆ ಮನುಷ್ಯನದು ಒಂದೇ ಷರತ್ತು: ಮಗು ಜೊತೆಗೆ ಬರಬಾರದು.

ಸೋಡಚೀಟಿ ಕೊಡುವ ಪದ್ಧತಿ ನಿಮ್ಮ ಜನದಲ್ಲಿ ಹಿಂದಿನಿಂದ ಇದೆಯೇ, ನಿಮ್ಮವರಲ್ಲಿ ಯಾರಿಗೆ ಆಗಿದೆ, ಯಾವ ವರ್ಷ ಎಂದು ಹಸೀನಾಬೇಗಂ ಕೇಳಿದರು. ದ್ಯಾವಪ್ಪನಿಗೆ ಒಂದು ಹೆಸರೂ ಹೊಳೆಯಲಿಲ್ಲ. ಊರಲ್ಲಿ ಬೇರೆಯವರು ಮಾಡುತ್ತಾರೆ, ನಾವೂ ಮಾಡಿದೆವು ಎಂದ.

"ಹಂಗಾರ ಇದು ನಿಲ್ಲೂದು ಕಷ್ಟ. ಪದ್ಧತಿ ಐತಿ ಅಂತ ತೋರಿಸಾಕ ಆಗಲಿಲ್ಲಂದ್ರ ಈಕಿ ಇವತ್ತಿಗೂ ಆಂಜನೇಯನ ಹೆಂಡ್ತಿ. ಗಂಗಾವತಿ ಮದಿವಿ ಮಾಡಿದ್ರ ಅಪರಾಧ ಆಕ್ಕೈತಿ. ಇನ್ನ ಕೂಸಿನ ಮಾತು. ಕೂಸನ್ನ ಹಿಂಗ ಬರದು ಕೊಟ್ರ ಕೋರ್ಟು ಅದನ್ನ ಒಪ್ಪಬೇಕಂತ ಏನಿಲ್ಲ. ಐದು ತುಂಬದ ಕೂಸು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು."

ಮಹೇಶ್ವರಿ ಮುಖ ಎತ್ತಿದಳು. ಅನುಷಾಗೆ ನಾಲ್ಕು ವರ್ಷ ಎರಡು ತಿಂಗಳು.

"ಸಾಮಾನ್ಯವಾಗಿ ಅಂದೆ. ಖಂಡಿತ ಅನ್ನಲಿಲ್ಲ," ಎಂದು ವಕೀಲರು ಅವಳತ್ತ ತಿರುಗಿದರು. ವಿಚ್ಛೇದನಕ್ಕೆ ಅರ್ಜಿ ಹಾಕಬೇಕು, ಅದರೊಂದಿಗೇ ಮಗುವನ್ನು ಕೇಳಬೇಕು. ಮಧ್ಯಂತರ ಆದೇಶ ಬೇಗ ಸಿಗಬಹುದು, ಸಿಗದೆಯೂ ಇರಬಹುದು. ತೀರ್ಪಿಗೆ ಎರಡು ವರ್ಷವೂ ಹಿಡಿದೀತು. ಅಲ್ಲಿಯವರೆಗೆ ಮತ್ತೊಂದು ಮದುವೆಯ ಮಾತಿಲ್ಲ.

ದ್ಯಾವಪ್ಪ ನಕ್ಕ. "ಎರಡು ವರ್ಷ ಈಕಿನ್ನ ಯಾರು ಸಾಕತಾರ್ರಿ, ನೀವಾ? ಗಂಡಗ ಬ್ಯಾಡಾಗಿ ಬಂದಾಕಿ ಈಗ ಕಾಯ್ದೆ ಹೇಳಾಕ ನಿಂತಾಳ. ನನ್ನ ಮನಿ ಏನು ಧರ್ಮಛತ್ರ ಅಲ್ಲ."

ಭಾಗ್ಯನಗರದಲ್ಲಿ ಹೊಲಿಗೆ ಕೆಲಸಕ್ಕೆ ಕೇಳಿದ್ದೇನೆ ಎಂದು ಮಹೇಶ್ವರಿ ಹೇಳಿದ್ದು ಅಣ್ಣನಿಗಲ್ಲ, ವಕೀಲರಿಗೆ.

ಹಸೀನಾಬೇಗಂ ಪೆನ್ನು ತೆಗೆದು, ಸಹಿ ಮಾಡಲು ಯಾರಾದರೂ ಒತ್ತಾಯಿಸಿದರೇ ಎಂದು ಕೇಳಿದರು. ಯಾರೂ ಇಲ್ಲ, ಮನಸಾರೆ ಮಾಡಿದಳು ಎಂದು ದ್ಯಾವಪ್ಪ ಬಾಯಿ ಹಾಕಿದ. ಮಹೇಶ್ವರಿ ಕಾಗದವನ್ನು ಎಳೆದುಕೊಂಡು ಸಾಕ್ಷಿಗಳಲ್ಲಿ ಮೊದಲ ಹೆಸರಿನ ಮೇಲೆ ಬೆರಳಿಟ್ಟಳು.

"ಸಹಿ ಮಾಡಲಿಲ್ಲಂದ್ರ ಹೊಸ್ತಿಲಾ ದಾಟಿಸಿಗೊಳ್ಳಂಗಿಲ್ಲ ಅಂದಾಂವ ಇಂವ. ಬರಕೋರಿ."

ವಕೀಲರು ಹೆಸರು ಓದಿ ಎದುರು ಕುಳಿತವನನ್ನು ನೋಡಿದರು. "ಕೋರ್ಟಿಗೆ ಕರಸಬೇಕಾಕ್ಕೈತವ್ವಾ. ನಿನ್ನ ಅಣ್ಣ ಅದಾನ."

"ಗೊತ್ತೈತ್ರಿ. ದ್ಯಾವಪ್ಪ, ಹನುಮಸಾಗರ."

ದ್ಯಾವಪ್ಪ ಎದ್ದ. ಇನ್ನು ಮನೆಯ ದಾರಿ ಮರೆತುಬಿಡು ಎಂದವನೇ ಮೆಟ್ಟಿಲಿಳಿದ.

ಮಹೇಶ್ವರಿ ವಕಾಲತ್ತಿಗೆ ಸಹಿ ಹಾಕಿ ಕೆಳಗೆ ಬಂದಾಗ ಇಬ್ಬರೂ ಬಂದಿದ್ದ ಅಣ್ಣನ ಬೈಕ್ ಇರಲಿಲ್ಲ. ಅದಕ್ಕೆ ತೂಗುಹಾಕಿದ್ದ ಅವಳ ಚೀಲ ಬೇವಿನ ಮರದ ಬುಡದಲ್ಲಿ ಬಿದ್ದಿತ್ತು. ಧೂಳು ಕೊಡವಿ, ಕಟ್ಟೆಯ ಮೇಲೆ ಕುಳಿತು ಅದರೊಳಗಿನ ಫ್ರಾಕು ತೆಗೆದಳು. ಗಂಡನ ಮನೆಯಲ್ಲಿದ್ದಾಗ ಮಗಳಿಗೆಂದು ಹೊಲಿದದ್ದು. ಮಗು ಬೆಳೆದಂತೆ ಬಿಚ್ಚಲೆಂದು ಅಂಚಿನಲ್ಲಿ ಎರಡು ಮಡಿಕೆ ಹಾಕಿದ್ದಳು.

ಸೆರಗಿನ ಪಿನ್ನು ತೆಗೆದು ಮೊದಲ ಮಡಿಕೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಒಳಗಿದ್ದ ಬಟ್ಟೆಯ ಪಟ್ಟಿ ಉಳಿದುದಕ್ಕಿಂತ ಗಾಢವಾದ ಹಸಿರಿತ್ತು. ಆಮೇಲೆ ಎರಡನೆಯ ಮಡಿಕೆಯ ದಾರ ಗಟ್ಟಿಯಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿ, ಅದನ್ನು ಹಾಗೆಯೇ ಬಿಟ್ಟು, ಫ್ರಾಕು ಮಡಚಿ ಚೀಲದೊಳಗಿಟ್ಟಳು.